ಹಕ್ಕಿ ನೋಡಲು ಒಂದು ದಿನ: ಬುತ್ತಿ ಕಟ್ಟಿಕೊಂಡು ಹೋಗಿ ಬರುವ ಪ್ರವಾಸ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಪ್ರತಿ ಸಭೆಯಲ್ಲೂ ನಾನು ಬೀಜೋಪಚಾರ, ಗೊಬ್ಬರ, ನಾಟಿಯ ಅಂತರ ಎಂದು ಮಾತನಾಡುವವನು. ಈ ಹೊತ್ತು ಹಕ್ಕಿ ನೋಡಲು ಹೋಗೋಣ ಎಂದರೆ, ‘ಇವರಿಗೆ ಬೇರೆ ಕೆಲಸವಿಲ್ಲವೇ’ ಎಂದು ತಮಗೆ ಅನಿಸಬಹುದು. ಆದರೆ ಕೆರೆ ಏರಿಯ ಮೇಲಿನ ಹುಣಸೆ ಮರಗಳನ್ನು ಕಡಿಸಿ ಹರಾಜು ಹಾಕಬೇಕೆಂಬ ಮಾತು ಕಳೆದ ಸಭೆಯಲ್ಲಿ ಬಂದಿತ್ತು. ಆ ಮರಗಳ ಮೇಲೆ ಬೇಸಿಗೆಯಲ್ಲಿ ಕೊಕ್ಕರೆಗಳು ಬಂದು ಕೂರುವುದನ್ನು ತಾವೆಲ್ಲ ಕಂಡಿದ್ದೀರಿ. ತೀರ್ಮಾನ ಮಾಡುವ ಮೊದಲು, ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇರುವ ಎರಡು ಜಾಗಗಳನ್ನು ನೋಡಿ ಬರೋಣ ಎಂಬುದು ನನ್ನ ಬಿನ್ನಹ.

ಮೊದಲನೆಯದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು ೧೨ ಕಿಲೋಮೀಟರ್ ಒಳಗೆ ಹೋದರೆ ಈ ಊರು ಸಿಗುತ್ತದೆ. ಅಲ್ಲಿ ಹಕ್ಕಿ ನೋಡಲು ಕಾಡಿಗೆ ಹೋಗಬೇಕಾಗಿಲ್ಲ. ಊರ ಬೀದಿಯಲ್ಲಿ, ಮನೆಗಳ ಹಿತ್ತಲಲ್ಲಿ ನಿಂತ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತದೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಮರಿಗಳು ಕೂಗುತ್ತಿರುತ್ತವೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ಚೀಲವುಂಟು. ಅದು ಮೀನು ಹಿಡಿಯುವ ಬಲೆಯಂತೆ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಬಣ್ಣದ ಗರಿ.

ಆ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹಿರಿಯರು ಹೇಳುವ ಪ್ರಕಾರ, ಊರು ಹಿಂದೆ ಶಿಂಷಾ ನದಿಯ ದಡದಲ್ಲಿತ್ತು; ೧೯೧೬ರಲ್ಲಿ ಪ್ಲೇಗು ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದುವು. ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇದನ್ನು ಕಂಡು ಹೊರಗಿನವರ ಗಮನಕ್ಕೆ ತಂದರು. ೨೦೦೭ರಲ್ಲಿ ಸರಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿ ಒಬ್ಬ ರೈತ ಕೇಳಬೇಕಾದ ಪ್ರಶ್ನೆಯೊಂದುಂಟು: ಮರದ ಯಜಮಾನನಿಗೆ ಏನು ಲಾಭ? ಹಕ್ಕಿ ಕೂತ ಮರದಿಂದ ಹುಣಸೆ ಹಣ್ಣು ಬಡಿಯಲಾಗದು. ಅದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರಧನ ಕೊಡುವ ಏರ್ಪಾಡು ಉಂಟು. ಆ ಹಣ ಹಣ್ಣಿನ ಬೆಲೆಗೆ ಸಾಲದೆಂಬ ಮಾತೂ ಊರಲ್ಲಿ ಉಂಟು. ಅದನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಅವರಿಗೆ ಇನ್ನೊಂದು ಆದಾಯವೂ ಇದೆ. ಮರದ ಬುಡದಲ್ಲಿ ಗುಂಡಿ ತೆಗೆದು ಕೆರೆಗೋಡು ತುಂಬುತ್ತಾರೆ. ಮೇಲಿನಿಂದ ಹಿಕ್ಕೆ ಬಿದ್ದು ಅದರಲ್ಲಿ ಬೆರೆಯುತ್ತದೆ. ಅದು ಹೊಲಕ್ಕೆ ಹೋಗುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳವಾಗಿರುತ್ತವೆ. ಹಸಿ ಹಿಕ್ಕೆಯನ್ನು ನೇರವಾಗಿ ಹಾಕಿದರೆ ಪೈರು ಸುಟ್ಟೀತು. ಆದುದರಿಂದ ಗೋಡಿನೊಂದಿಗೆ ಕಳಿಸಿ ಹಾಕುವ ಅವರ ಪದ್ಧತಿ ಸರಿಯಾದುದು. ಅದನ್ನು ಕಣ್ಣಾರೆ ನೋಡುವುದಕ್ಕಾದರೂ ಹೋಗಬೇಕು.

ಎರಡನೆಯದು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಅಲ್ಲಿ ತಿಟ್ಟುಗಳಾದುವು. ಆ ತಿಟ್ಟುಗಳ ಮರಗಳೇ ಹಕ್ಕಿಗಳಿಗೆ ಮನೆಯಾದುವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. ೨೦೨೨ರಲ್ಲಿ ಅದು ರಾಮ್ಸರ್ ಒಪ್ಪಂದದ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ನಮ್ಮ ರಾಜ್ಯದಿಂದ ಹಾಗೆ ಸೇರಿದ ಮೊದಲ ಜಾಗ ಅದು. ದೋಣಿಯಲ್ಲಿ ಹೋದರೆ ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳನ್ನೂ, ಚಮಚದಂಥ ಕೊಕ್ಕಿನ ಹಕ್ಕಿಗಳನ್ನೂ, ನೀರುಕಾಗೆಗಳನ್ನೂ ಕಾಣಬಹುದು. ಬಾಯಿಕಳಕ ಕೊಕ್ಕರೆಯನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳಿ. ಮುಚ್ಚಿದರೂ ನಡುವೆ ಸಂದು ಉಳಿಯುವ ಆ ಕೊಕ್ಕಿನಿಂದ ಅದು ಬಸವನಹುಳುಗಳನ್ನು ಹಿಡಿದು ತಿನ್ನುತ್ತದೆ. ನಮ್ಮ ಗದ್ದೆಗಳಿಗೆ ಬರುವುದೂ ಅದಕ್ಕೇ; ಕಲ್ಲು ಹೊಡೆದು ಓಡಿಸಬೇಡಿ.

ಇನ್ನು ಖರ್ಚಿನ ಮಾತು. ಜನವರಿಯಿಂದ ಏಪ್ರಿಲ್‌ವರೆಗೆ ಎರಡೂ ಕಡೆ ಗೂಡು, ಮರಿ ಕಾಣುವ ಕಾಲ. ಕುಯಿಲು, ಒಕ್ಕಣೆ ಮುಗಿದ ಮೇಲೆ ಹೊರಡಬಹುದು. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಆಗ ಹೋಗಿ ಬರಿಗೈಲಿ ಬರಬೇಡಿ. ೨೦೨೩ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಗುರುತಿನ ಚೀಟಿ ಇರಲಿ. ಬೆಳಗಿನ ಮೊದಲ ಬಸ್ಸಿಗೆ ಮದ್ದೂರು ಸೇರಿ, ಅಲ್ಲಿಂದ ಬೆಳ್ಳೂರು ನೋಡಿಕೊಂಡು, ಮಧ್ಯಾಹ್ನ ಬಸ್ಸಿನಲ್ಲೋ ರೈಲಿನಲ್ಲೋ ಶ್ರೀರಂಗಪಟ್ಟಣಕ್ಕೆ ಹೋಗಬಹುದು. ಪಟ್ಟಣದಿಂದ ರಂಗನತಿಟ್ಟಿಗೆ ನಾಲ್ಕೈದು ಜನ ಸೇರಿ ಒಂದು ಆಟೋ ಮಾಡಿದರೆ ತಲೆಗೆ ಬೀಳುವುದು ಕಡಿಮೆ. ಅಲ್ಲಿ ಪ್ರವೇಶಕ್ಕೂ ದೋಣಿಗೂ ಟಿಕೆಟ್ಟುಂಟು. ಅದಕ್ಕೆ ಬೇರೆಯಾಗಿ ಹಣ ತೆಗೆದಿಡಿ. ಹೋಟೆಲಿನ ಖರ್ಚು ಬೇಡ. ಚಿತ್ರಾನ್ನವೋ ರೊಟ್ಟಿಯೋ ಬುತ್ತಿ ಇರಲಿ, ಕುಡಿಯುವ ನೀರೂ ಇರಲಿ. ಹತ್ತು ಜನಕ್ಕೆ ಒಂದು ದುರ್ಬೀನು ಸಾಕು; ಇಲ್ಲದಿದ್ದರೂ ಬೆಳ್ಳೂರಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಹೋದ ಕಡೆ ನಡೆದುಕೊಳ್ಳುವ ರೀತಿಯನ್ನೂ ಹೇಳುತ್ತೇನೆ. ಕೂಗಾಟ ಬೇಡ. ಗೂಡಿನ ಮೇಲಿನ ತಾಯಿ ಬೆದರಿ ಎದ್ದರೆ ಮೊಟ್ಟೆ, ಮರಿಗಳು ಹದ್ದು ಕಾಗೆಗಳ ಪಾಲಾದಾವು. ಮರದ ಕೆಳಗೆ ನಿಲ್ಲುವವರು ತಲೆಗೆ ಟವೆಲು ಹಾಕಿಕೊಳ್ಳಿ! ಕೆಳಗೆ ಬಿದ್ದ ಮರಿಯನ್ನು ಕಂಡರೆ ಎತ್ತಿಕೊಂಡು ಬರಬೇಡಿ, ಊರಿನವರಿಗೆ ತಿಳಿಸಿ. ಹಾಗೆ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ಕೊಟ್ಟು ಸಾಕಿದ ಯುವಕರು ಆ ಊರಲ್ಲಿದ್ದಾರೆ.

ರೈತ ಬಾಂಧವರೇ, ಈಗ ನಮ್ಮ ಕೆರೆಯ ವಿಷಯಕ್ಕೆ ಬರುತ್ತೇನೆ. ಬೆಳ್ಳೂರಿನ ಹುಣಸೆ ಮರ ಹಕ್ಕಿಗೆ ಮನೆ ಮಾತ್ರ. ಅದರ ಊಟ ಇರುವುದು ಶಿಂಷಾ ನದಿಯಲ್ಲಿ, ಮದ್ದೂರು ಕೆರೆ, ತೈಲೂರು ಕೆರೆಗಳಂಥ ಸುತ್ತಲ ನೀರಿನಲ್ಲಿ. ೨೦೧೭ರ ಕೊನೆ, ೨೦೧೮ರ ಮೊದಲ ತಿಂಗಳುಗಳಲ್ಲಿ ಆ ಊರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುವು. ಯಾರೂ ಅವನ್ನು ಹೊಡೆದಿರಲಿಲ್ಲ. ಸತ್ತ ಹಕ್ಕಿಗಳನ್ನು ಕೊಯ್ದು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳುಗಳಿದ್ದುವು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿಂದ ಮೀನಿನ ಮೂಲಕ. ಊರಿನವರು ಎಷ್ಟು ಪ್ರೀತಿಯಿಂದ ಮರ ಕಾದರೂ, ಸುತ್ತಲ ಕೆರೆಗಳ ನೀರು ಕೆಟ್ಟರೆ ಹಕ್ಕಿ ಉಳಿಯದು.

ಆದುದರಿಂದ ನಾವು ಮಾಡಬಹುದಾದ ಕೆಲಸಗಳಿವೆ. ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿ. ಖಾಲಿ ಬಾಟಲಿಗಳನ್ನು ತೂಬಿನ ಬಳಿ ಎಸೆಯಬೇಡಿ. ಊರ ಚರಂಡಿಯ ನೀರು ನೇರವಾಗಿ ಕೆರೆಗೆ ಬೀಳದಂತೆ ತಡೆಯೋಣ. ಅದೇ ನೀರನ್ನು ನಮ್ಮ ದನಗಳು ಕುಡಿಯುತ್ತವೆ, ಅದೇ ಮೀನನ್ನು ನಾವು ತಿನ್ನುತ್ತೇವೆ.

ಇನ್ನು ಏರಿಯ ಮರಗಳು. ಹರಾಜಿನ ಹಣದಿಂದ ಶಾಲೆಯ ಗೋಡೆ ರಿಪೇರಿ ಮಾಡಿಸಬೇಕೆಂಬ ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಕಡಿದ ಮರದ ಹಣ ಒಂದೇ ಸಲ ಬರುತ್ತದೆ. ಹಣ್ಣಿನ ಗುತ್ತಿಗೆ ಕೊಟ್ಟರೆ ವರ್ಷ ವರ್ಷವೂ ಬರುತ್ತದೆ. ಕೊಕ್ಕರೆಗಳು ಇನ್ನೂ ಅಲ್ಲಿ ಗೂಡು ಕಟ್ಟಿಲ್ಲ, ಬಂದು ಕೂರುತ್ತಿವೆ ಅಷ್ಟೆ. ಗೂಡು ಕಟ್ಟಿದ ಒಂದೆರಡು ಮರಗಳನ್ನು ಮುಂದೆ ಹಕ್ಕಿಗೆ ಬಿಟ್ಟರೂ ಉಳಿದ ಮರಗಳ ಹಣ್ಣು ನಮ್ಮದೇ. ಇಷ್ಟು ಮಾತ್ರ ನನ್ನ ಅಭಿಪ್ರಾಯ, ತೀರ್ಮಾನ ತಮ್ಮದು.

ಮುಂದಿನ ಸಭೆಯೊಳಗೆ ಬೀದಿಗೆ ಇಬ್ಬರಂತೆ ಹೆಸರು ಕೊಡಿ. ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ. ಮರ ಕಡಿಯಬೇಕು ಎನ್ನುವವರು ಮೊದಲು ಹೆಸರು ಬರೆಸಿ ಎಂದು ಕೇಳಿಕೊಳ್ಳುತ್ತೇನೆ. ಬೆಳ್ಳೂರಿನ ಮರದ ಯಜಮಾನರನ್ನು ತಾವೇ ಮಾತನಾಡಿಸಿ, ಲಾಭ ನಷ್ಟ ಕೇಳಿ ತಿಳಿದು ಬನ್ನಿ. ಆಮೇಲೆ ಇದೇ ಜಗಲಿಯ ಮೇಲೆ ಕೂತು ಮರದ ವಿಚಾರ ಇತ್ಯರ್ಥ ಮಾಡೋಣ.