ಶಿಕ್ಷೆ ಮುಗಿಸಿ ಬಂದವರ ಮೊಬೈಲಿನ ಮೇಲೆ ಕಣ್ಣು



ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನು ಶಿಕ್ಷೆ ಮುಗಿಸಿ ಒಂದು ದಿನ ಜೈಲಿನಿಂದ ಹೊರಗೆ ಬರುತ್ತಾನೆ. ಕೆಲಸ ಹುಡುಕಲು, ಬ್ಯಾಂಕಿನ ವ್ಯವಹಾರ ನೋಡಿಕೊಳ್ಳಲು ಅವನಿಗೂ ಮೊಬೈಲ್ ಬೇಕು. ಅದೇ ಮೊಬೈಲಿನಲ್ಲಿ ಆನ್‌ಲೈನ್ ಆಟಗಳಿವೆ, ಹರಟೆಯ ಗುಂಪುಗಳಿವೆ, ಅಲ್ಲೆಲ್ಲ ಮಕ್ಕಳಿದ್ದಾರೆ. ಅವನ ಇಂಟರ್ನೆಟ್ ಬಳಕೆಯ ಮೇಲೆ ಸರ್ಕಾರ ಕಣ್ಣಿಡಬಹುದೇ? ಇಡುವುದಾದರೆ ಎಲ್ಲಿಯವರೆಗೆ?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ 2008ರಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಉತ್ತರ ಕೊಟ್ಟಿತು. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರಿದ್ದವರು, ಮಕ್ಕಳೂ ಸದಸ್ಯರಾಗಬಹುದಾದ ಸಾಮಾಜಿಕ ಜಾಲತಾಣಗಳನ್ನು ತೆರೆಯುವುದೇ ಅಪರಾಧ ಎಂದಿತು. 2010ರಲ್ಲಿ ಆ ಪಟ್ಟಿಯಲ್ಲಿದ್ದ ಒಬ್ಬನ ಮೇಲಿನ ಸಂಚಾರ ನಿಯಮದ ಪ್ರಕರಣವನ್ನು ಕೋರ್ಟು ಕೈಬಿಟ್ಟಿತು. ದಂಡ ತಪ್ಪಿದ ಖುಷಿಗೆ ಅವನು ಫೇಸ್‌ಬುಕ್‌ನಲ್ಲಿ ದೇವರನ್ನು ನೆನೆದು ನಾಲ್ಕು ಸಾಲು ಬರೆದ. ಅವನು ಬಳಸಿದ್ದು ಬೇರೆ ಹೆಸರನ್ನು. ಆದರೂ ಡರ್ಹಮ್ ನಗರದ ಪೊಲೀಸ್ ಅಧಿಕಾರಿಯೊಬ್ಬರು ಕೋರ್ಟಿನ ದಾಖಲೆಗಳೊಂದಿಗೆ ತಾಳೆ ನೋಡಿ ಪತ್ತೆ ಹಚ್ಚಿದರು. ಅವನು ಅಲ್ಲಿ ಯಾವುದಾದರೂ ಮಗುವನ್ನು ಮಾತನಾಡಿಸಿದನೆಂಬ ಆರೋಪವೂ ಇರಲಿಲ್ಲ. ಆದರೂ ಶಿಕ್ಷೆಯಾಯಿತು.

ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2017ರ ಜೂನ್ 19ರಂದು, ವಿಚಾರಣೆ ನಡೆಸಿದ ಎಂಟೂ ನ್ಯಾಯಮೂರ್ತಿಗಳು ಆ ಕಾನೂನು ಸಂವಿಧಾನಬಾಹಿರ ಎಂದರು. ಇದರ ವ್ಯಾಪ್ತಿ ಎಷ್ಟೆಂದರೆ ಅಮೆಜಾನ್, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ತಾಣ ಕೂಡ ನಿಷೇಧದೊಳಗೆ ಬಂದುಬಿಡುತ್ತವೆ ಎಂದು ನ್ಯಾಯಮೂರ್ತಿ ಅಲಿಟೊ ಪ್ರತ್ಯೇಕವಾಗಿ ಬರೆದರು. ಹಾಗೆಂದು ಕೋರ್ಟು ಸರ್ಕಾರದ ಕೈ ಪೂರ್ತಿ ಕಟ್ಟಿಹಾಕಲಿಲ್ಲ. ಮಗುವನ್ನು ಸಂಪರ್ಕಿಸುವುದು, ಮಗುವಿನ ಮಾಹಿತಿ ಕಲೆಹಾಕುವುದು ಇಂಥ ನಿರ್ದಿಷ್ಟ ಕೃತ್ಯಗಳನ್ನು ರಾಜ್ಯಗಳು ನಿಷೇಧಿಸಬಹುದು ಎಂದಿತು. ನನಗೆ ಈ ತೀರ್ಪು ಸರಿ ಎನ್ನಿಸುತ್ತದೆ. ದೇವರಿಗೆ ವಂದನೆ ಹೇಳಿದವನ ಹಿಂದೆ ಪೊಲೀಸರ ಸಮಯ ಹೋದರೆ, ಮಗುವಿಗೆ ಗುಟ್ಟಾಗಿ ಸಂದೇಶ ಕಳಿಸುವವನನ್ನು ಹಿಡಿಯುವವರು ಯಾರು?

ಬ್ರಿಟನ್ ಹಿಡಿದ ದಾರಿ ಬೇರೆ. ಅಲ್ಲಿ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಡಿ ಅಪರಾಧಿ ತನ್ನ ವಿಳಾಸ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆಯ ವಿವರಗಳನ್ನು ಪೊಲೀಸರಿಗೆ ಕೊಡಬೇಕು. ಬದಲಾದರೆ ಮೂರು ದಿನಗಳೊಳಗೆ ತಿಳಿಸಬೇಕು. ಇದಲ್ಲದೆ ನ್ಯಾಯಾಧೀಶರು ಆ ವ್ಯಕ್ತಿಯ ಅಪರಾಧವನ್ನು ನೋಡಿ, ಅವನಿಗಷ್ಟೇ ಅನ್ವಯಿಸುವ ಷರತ್ತುಗಳನ್ನು ಬರೆಯಬಹುದು. ಇಂಟರ್ನೆಟ್ಟನ್ನೇ ಪೂರ್ತಿ ಬಂದ್ ಮಾಡುವುದು ಅತಿಯಾಯಿತು ಎಂದು 2011ರಲ್ಲೇ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಅದರ ಬದಲು ಬಂದ ಷರತ್ತು ಸರಳವಾಗಿದೆ: ಏನೇನು ನೋಡಿದೆ ಎಂಬ ದಾಖಲೆ ಉಳಿಯುವಂಥ ಸಾಧನವನ್ನೇ ಬಳಸು, ಆ ದಾಖಲೆಯನ್ನು ಅಳಿಸಬೇಡ, ಪೊಲೀಸರು ಕೇಳಿದಾಗ ತೋರಿಸು.

ಇದು ನಡೆಯುವ ಬಗೆ ಹೀಗೆ. ಇದಕ್ಕೆಂದೇ ತರಬೇತಿ ಪಡೆದ ಅಧಿಕಾರಿ ಮುನ್ಸೂಚನೆ ಕೊಡದೆ ಮನೆಗೆ ಬಂದು ಬಾಗಿಲು ತಟ್ಟುತ್ತಾರೆ. ಫೋನು, ಲ್ಯಾಪ್‌ಟಾಪು, ಪೆನ್ ಡ್ರೈವ್, ಟಿವಿಗೆ ಜೋಡಿಸಿದ ಆಟದ ಪೆಟ್ಟಿಗೆಯನ್ನೂ ಕೇಳುತ್ತಾರೆ. ಬ್ರೌಸರ್ ತೆರೆದು ನೋಡುತ್ತಾರೆ. ಅಲ್ಲಿ ಕೆಟ್ಟದ್ದೇನೂ ಸಿಗಬೇಕಾಗಿಲ್ಲ. ವಾರಗಟ್ಟಲೆ ಬಳಸಿದ ಫೋನಿನಲ್ಲಿ ದಾಖಲೆಯೇ ಇಲ್ಲದಿದ್ದರೆ ಅದೇ ಸುಳಿವು. ಬೇಕೆಂದೇ ಅಳಿಸಿದ್ದು ಸಾಬೀತಾದರೆ ಐದು ವರ್ಷಗಳವರೆಗೆ ಜೈಲು. ಕೆಲವರ ಸಾಧನಗಳಲ್ಲಿ ನಿಗಾ ತಂತ್ರಾಂಶವನ್ನೂ ಹಾಕುತ್ತಾರೆ. ಅನುಮಾನಾಸ್ಪದ ಪದವೋ ಚಿತ್ರವೋ ಕಂಡರೆ ಅದು ಅಧಿಕಾರಿಗೆ ಎಚ್ಚರಿಕೆ ಕಳಿಸುತ್ತದೆ. ಆದರೆ ಹಾಸಿಗೆಯ ಕೆಳಗೆ ಬಚ್ಚಿಟ್ಟ ಇನ್ನೊಂದು ಫೋನು ಯಾವ ತಂತ್ರಾಂಶಕ್ಕೂ ಕಾಣುವುದಿಲ್ಲ. ಅದನ್ನು ಹುಡುಕಲು ಆ ಮನೆಯನ್ನು, ಆ ಮನುಷ್ಯನನ್ನು ಬಲ್ಲ ಅಧಿಕಾರಿಯೇ ಬೇಕು. ಈ ವ್ಯವಸ್ಥೆಯ ಜೀವ ಇರುವುದು ಅಲ್ಲಿ.

ಇನ್ನು ನಮ್ಮಲ್ಲಿಗೆ ಬರೋಣ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯವನ್ನು ಆರಂಭಿಸಿತು. ಮೊದಲ ದಿನವೇ ಅದರಲ್ಲಿ 4.4 ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ಹೆಸರು, ವಿಳಾಸ, ಫೋಟೊ, ಬೆರಳಚ್ಚು ಎಲ್ಲ ಇವೆ. ನೋಡುವ ಅಧಿಕಾರ ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ, ಅದು ಒಳ್ಳೆಯದೇ. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ನಿಗಾ ಆಗುವುದಿಲ್ಲ. ಎರಡನೇ ಬಾರಿ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವನು ಬಿಡುಗಡೆಯ ನಂತರ ಐದು ವರ್ಷಗಳವರೆಗೆ ತನ್ನ ವಾಸದ ವಿಳಾಸ ತಿಳಿಸಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 394ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಅದು ಕೇಳುವುದು ಮನೆಯ ವಿಳಾಸವನ್ನು. ಅವನು ಯಾವ ಹೆಸರಿನ ಖಾತೆಯಿಂದ ಮಕ್ಕಳೊಂದಿಗೆ ಮಾತನಾಡುತ್ತಿದ್ದಾನೆ ಎಂಬುದು ಅದರಲ್ಲಿ ಬರುವುದಿಲ್ಲ.

ಇಲ್ಲಿ ಅವಸರದ ಕಾನೂನೂ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ಮೊಟಕುಗೊಳಿಸಲು ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಕ್ರಮ ಮಿತಿಯಲ್ಲಿರಬೇಕು. ಮಕ್ಕಳ ರಕ್ಷಣೆಗಿಂತ ನ್ಯಾಯವಾದ ಉದ್ದೇಶ ಇನ್ನೇನಿದೆ? ನಮಗೆ ಬೇಕಾದದ್ದು ಇಷ್ಟು: ಶಿಕ್ಷೆ ವಿಧಿಸುವ ನ್ಯಾಯಾಧೀಶರೇ ಆ ಅಪರಾಧಿಗೆ ತಕ್ಕ ಷರತ್ತುಗಳನ್ನು, ಅವುಗಳ ಅವಧಿಯನ್ನು ಬರೆಯಲು ಅಧಿಕಾರ ಕೊಡುವ ಕಾನೂನು, ಆ ಷರತ್ತು ಜಾರಿಯಾಗುತ್ತಿದೆಯೇ ಎಂದು ಮನೆಗೇ ಹೋಗಿ ನೋಡುವ ತರಬೇತಾದ ಅಧಿಕಾರಿಗಳು. ಬಂದೋಬಸ್ತು, ಗಸ್ತುಗಳ ನಡುವೆ ಬಿಡುವಾದಾಗ ಮಾಡುವ ಕೆಲಸ ಇದಲ್ಲ.

ಇನ್ನೊಂದು ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ವರ್ಷ ವರ್ಷವೂ ಹೇಳುವಂತೆ, ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತರಿಗೆ ಗೊತ್ತಿರುವವನೇ. ಅವರಲ್ಲಿ ಎಷ್ಟೋ ಮಂದಿಯ ಹೆಸರು ಅದುವರೆಗೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ನಿಮ್ಮ ಮನೆಯ ಮಗು ಫೋನನ್ನು ಬಚ್ಚಿಡಲು ಶುರುಮಾಡಿದರೆ ಗದರಬೇಡಿ, ಪಕ್ಕದಲ್ಲಿ ಕೂತು ಕೇಳಿ. ಯಾರಾದರೂ ಕಾಡುತ್ತಿದ್ದಾರೆಂದು ತಿಳಿದರೆ ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.