ಮಾರದೆ ಉಳಿದ ತಟ್ಟೆಗಳು



1949ನೆಯ ಇಸವಿಯ ಮಾರ್ಚ್ 31ರಂದು ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿಯವರು ಏಳು ಅಂಗುಲ ವ್ಯಾಸದ, ನಡುವೆ ಒಂದೂವರೆ ಅಂಗುಲದ ದೊಡ್ಡ ರಂಧ್ರವುಳ್ಳ, ನಿಮಿಷಕ್ಕೆ 45 ಸುತ್ತು ತಿರುಗುವ ಹೊಸ ಬಗೆಯ ಗ್ರಾಮಫೋನು ತಟ್ಟೆಯೊಂದನ್ನು ಪೇಟೆಗೆ ತಂದರು. ಹಿಂದಿನ ವರ್ಷವಷ್ಟೇ ಅವರ ಪ್ರತಿಸ್ಪರ್ಧಿಗಳಾದ ಕೊಲಂಬಿಯಾ ಕಂಪನಿಯವರು ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ, ಒಂದೊಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಗಳಿಗೂ ಮೀರಿ ನುಡಿಯಬಲ್ಲ ದೊಡ್ಡ ತಟ್ಟೆಯನ್ನು ಹೊರಡಿಸಿ ಮೆರೆದಿದ್ದರಾದುದರಿಂದ, ಇವರ ಈ ಪುಟ್ಟ ತಟ್ಟೆ ವ್ಯಾಪಾರದ ಹಟದಿಂದ ಹುಟ್ಟಿತೆಂದೇ ಹೇಳಬೇಕು. ಹಳೆಯ 78ರಲ್ಲಿ 33ನ್ನು ಕಳೆದು 45 ಎಂಬ ಸಂಖ್ಯೆಯನ್ನು ಪಡೆದರೆಂದು ಹೇಳುವವರುಂಟು. ಕೇಳಲು ಸೊಗಸಾದ ಕಥೆಯೇ ಹೊರತು ಅದು ನಿಜವಲ್ಲ. ತಟ್ಟೆಯ ಒಳಸುತ್ತುಗಳಲ್ಲಿ ಧ್ವನಿಯು ಎಷ್ಟರಮಟ್ಟಿಗೆ ಕೆಡಬಹುದೆಂಬುದಕ್ಕೆ ಒಂದು ಮಿತಿಯನ್ನು ಹಾಕಿಕೊಂಡು ಯಂತ್ರಜ್ಞರು ಗಣಿಸಿ ತೆಗೆದ ವೇಗ ಅದು. ಮಗ್ಗುಲಿಗೊಂದರಂತೆ ಎರಡೇ ಹಾಡುಗಳನ್ನು ಹೊತ್ತ ಇಂಥ ತಟ್ಟೆಗಳಲ್ಲಿ ಕಂಟ್ರಿ ಸಂಗೀತವನ್ನೂ ಅದರ ತುಂಟ ಸಂತಾನವಾದ ರಾಕಬಿಲಿಯನ್ನೂ ಅರಸಿ ಕೂಡಿಡುವ ಹವ್ಯಾಸವು ಹೇಗೆ ಬೆಳೆದು ಬಂದಿತೆಂಬುದೇ ಇಂದಿನ ನನ್ನ ವಿಷಯ.

ಈ ಕಥೆಗೆ ಮೊದಲು ನಮ್ಮ ದೇಶದ ಕಾಡುಗಳನ್ನು ಒಮ್ಮೆ ನೆನೆಯಬೇಕಾಗಿದೆ. 78 ಸುತ್ತಿನ ಹಳೆಯ ತಟ್ಟೆಗಳು ಅರಗಿನಿಂದ ಆದವು. ಆ ಅರಗಿನ ಬಹುಭಾಗ ಛೋಟಾ ನಾಗಪುರದ ಅರಣ್ಯಗಳಲ್ಲಿ ಮುತ್ತುಗವೇ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಜಾತಿಯ ಕೀಟಗಳು ಸ್ರವಿಸಿದುದಾಗಿದ್ದು, ಕಲ್ಕತ್ತೆಯ ಬಂದರಿನಿಂದ ಹಡಗೇರಿ ಅಮೆರಿಕವನ್ನು ಸೇರುತ್ತಿದ್ದಿತು. ದುರ್ಯೋಧನನು ಪಾಂಡವರಿಗಾಗಿ ಮನೆ ಕಟ್ಟಿಸಿದ ಅದೇ ಅರಗು, ಟೆಕ್ಸಾಸಿನ ದನಗಾಹಿಗಳ ಹಾಡನ್ನೂ ಹೊತ್ತಿತೆಂಬುದು ವಿಚಿತ್ರವಾದರೂ ಸತ್ಯ. ಎರಡನೆಯ ಮಹಾಯುದ್ಧದಲ್ಲಿ ಸಮುದ್ರಮಾರ್ಗಗಳು ದುರ್ಗಮವಾಗಿ, ಯುದ್ಧಸಾಮಗ್ರಿಗೂ ಅರಗು ಬೇಕಾಗಿ, 1942ರಲ್ಲಿ ಅಮೆರಿಕದ ಸರ್ಕಾರವು ತಟ್ಟೆಗಳಿಗೆ ಅದನ್ನು ಬಳಸುವುದನ್ನು ಬಹುವಾಗಿ ಮೊಟಕುಗೊಳಿಸಿತು. ಮರುವರ್ಷದಿಂದ ದೂರದ ರಣಾಂಗಣಗಳ ಸೈನಿಕರಿಗೆ ಒಡೆಯದ ವಿನೈಲ್ ತಟ್ಟೆಗಳು ಹೋಗತೊಡಗಿದುವು. ಅರಗಿನ ತಟ್ಟೆ ಕೈಜಾರಿದರೆ ಚೂರು. ಹೊಸ ಪುಟ್ಟ ತಟ್ಟೆಗೂ ಬಳಸಿದ ವಿನೈಲಾದರೋ ಬಿದ್ದರೂ ಬಗ್ಗಿದರೂ ಹಾಡನ್ನು ಬಿಡದು. ಇಂದು ಸಂಗ್ರಾಹಕರ ಕೈಗೆ ಏನಾದರೂ ಉಳಿದು ಬಂದಿದ್ದರೆ ಅದಕ್ಕೆ ಈ ಗುಣವೂ ಒಂದು ಕಾರಣ.

ಆರ್‌ಸಿಎಯವರು ಮೊದಮೊದಲು ಒಂದೊಂದು ಬಗೆಯ ಸಂಗೀತಕ್ಕೆ ಒಂದೊಂದು ಬಣ್ಣದ ತಟ್ಟೆಯನ್ನು ನಿಯಮಿಸಿದ್ದರು. ಶಾಸ್ತ್ರೀಯ ಸಂಗೀತಕ್ಕೆ ಕೆಂಪು, ಮಕ್ಕಳ ಹಾಡಿಗೆ ಹಳದಿ, ನಗರದ ಜನಪ್ರಿಯ ಗೀತಕ್ಕೆ ಕಪ್ಪು, ಕಂಟ್ರಿಗೆ ಹಸಿರು, ಕರಿಯರ ಬ್ಲೂಸ್ ಮೊದಲಾದುವಕ್ಕೆ ಕಿತ್ತಳೆಯೆಂದು ಕಾಣುವ ಒಂದು ಕೆಂಬಣ್ಣ. ಹಸಿರು ತಟ್ಟೆಗಳ ಮೊದಲನೆಯ ಸಂಖ್ಯೆಯನ್ನು ಪಡೆದುದು ಎಡ್ಡಿ ಆರ್ನಲ್ಡ್ ಹಾಡಿದ ‘ಟೆಕ್ಸಾರ್ಕಾನಾ ಬೇಬಿ’. ಕಿತ್ತಳೆ ತಟ್ಟೆಗಳ ಮೊದಲನೆಯದು ಆರ್ಥರ್ ಕ್ರೂಡಪ್ಪನ ‘ದಟ್ಸ್ ಆಲ್ ರೈಟ್’. ಅಂಗಡಿಯವನಿಗೆ ಗುರುತು ಹಿಡಿಯಲು ಸುಲಭವಾಗಲೆಂದು ಮಾಡಿದ ಏರ್ಪಾಡು ಇದೆಂದು ಹೇಳುವರಾದರೂ, ಬಿಳಿಯರು ಕುಳಿತ ಬಸ್ಸಿನ ಸಾಲಿನಲ್ಲಿ ಕರಿಯರು ಕುಳಿತುಕೊಳ್ಳಲಾಗದಿದ್ದ ಆ ಕಾಲದ ಅಮೆರಿಕದ ದಕ್ಷಿಣ ಭಾಗದ ಸಂಸ್ಥಾನಗಳಲ್ಲಿ ಹಾಡುಗಳಿಗೂ ಪಂಕ್ತಿಭೇದವಿದ್ದಿತೆಂಬುದನ್ನು ಆ ಬಣ್ಣಗಳೇ ಸಾರುತ್ತವೆ. ಕೆಲವು ವರ್ಷಗಳಲ್ಲಿ ಖರ್ಚಿನ ದೆಸೆಯಿಂದ ಬಣ್ಣಗಳು ಹೋಗಿ ಎಲ್ಲವೂ ಕಪ್ಪಾದುವು. ಆದುದರಿಂದಲೇ ಹಸಿರು ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡುವುದೆಂದರೆ ಸಂಗ್ರಾಹಕನಿಗೆ ಅಷ್ಟು ಹಿಗ್ಗು.

ಕ್ರೂಡಪ್ಪನ ಆ ಹಾಡನ್ನು 1954ರ ಜುಲೈ ತಿಂಗಳಲ್ಲಿ ಮೆಂಫಿಸ್ ನಗರದ ಯೂನಿಯನ್ ಅವೆನ್ಯೂ 706ನೆಯ ಮನೆಯಲ್ಲಿದ್ದ ಒಂದು ಸಣ್ಣ ಧ್ವನಿಮುದ್ರಣಾಲಯದಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಹತ್ತೊಂಬತ್ತು ವರ್ಷದ ಹುಡುಗನು ಹಾಡಿದನು. ಗಿಟಾರಿಗೆ ಸ್ಕಾಟಿ ಮೂರ್, ಮಂದ್ರವಾದ್ಯಕ್ಕೆ ಬಿಲ್ ಬ್ಲ್ಯಾಕ್, ಯಂತ್ರದ ಬಳಿ ಸನ್ ಕಂಪನಿಯ ಒಡೆಯ ಸ್ಯಾಮ್ ಫಿಲಿಪ್ಸ್. ಡೋಲಿನ ಮಾತೇ ಇಲ್ಲ. ಒಂದು ಟೇಪಿನ ಯಂತ್ರದ ಧ್ವನಿಯನ್ನು ಮತ್ತೊಂದು ಯಂತ್ರದ ಮೂಲಕ ಹಾಯಿಸಿ, ಕ್ಷಣದ ಅತ್ಯಲ್ಪ ಭಾಗದಷ್ಟು ತಡವಾಗಿ ಮೊದಲಿನದರೊಡನೆ ಬೆರೆಸಿ, ಮೂವರ ಸಂಗೀತ ಒಂದು ತುಂಬಿದ ಮೇಳದಂತೆ ಕೇಳುವಂತೆ ಮಾಡುವ ಯುಕ್ತಿ ಫಿಲಿಪ್ಸನ ವಿಶೇಷವಾಗಿದ್ದಿತು. ತಟ್ಟೆಯ ಇನ್ನೊಂದು ಮಗ್ಗುಲಿಗೆ ಬಿಲ್ ಮನ್ರೋ ರಚಿಸಿದ ‘ಬ್ಲೂ ಮೂನ್ ಆಫ್ ಕೆಂಟಕಿ’ ಎಂಬ ಕಂಟ್ರಿ ಹಾಡು. ಕಿತ್ತಳೆಯವರ ಹಾಡೊಂದು, ಹಸಿರಿನವರ ಹಾಡೊಂದು, ಬೆನ್ನಿಗೆ ಬೆನ್ನು ಕೊಟ್ಟು ಕೂಡಿದುದು ಸನ್ ಕಂಪನಿಯ 209ನೆಯ ಸಂಖ್ಯೆಯ ಈ ಒಂದೇ ತಟ್ಟೆಯಲ್ಲಿ. ಮನ್ರೋ ಸಹ ಮುನಿಸಿಕೊಳ್ಳದೆ ಅದೇ ವರ್ಷ ತನ್ನ ಹಾಡನ್ನು ಹೊಸ ಹುರುಪಿನಲ್ಲಿ ಮತ್ತೊಮ್ಮೆ ಮುದ್ರಿಸಿದನು. ಎಲ್ವಿಸನ ತಟ್ಟೆಗಳು ಸನ್ನಿನಿಂದ ಬಂದುದು ಐದೇ. 1955ರ ನವೆಂಬರಿನಲ್ಲಿ ಅವನ ಕರಾರನ್ನು ಫಿಲಿಪ್ಸ್ 35,000 ಡಾಲರಿಗೆ ಆರ್‌ಸಿಎಗೆ ಮಾರಿದನು. ಮರುವರ್ಷದ ಆದಿಯಲ್ಲಿ ಕಾರ್ಲ್ ಪರ್ಕಿನ್ಸನ ‘ಬ್ಲೂ ಸ್ವೇಡ್ ಷೂಸ್’ ಹತ್ತು ಲಕ್ಷಕ್ಕೂ ಮೀರಿ ಖರ್ಚಾಯಿತು.

ಇಷ್ಟಾದ ಮೇಲೆ ದಕ್ಷಿಣದ ಊರೂರಿನಲ್ಲಿ ಗಿಟಾರು ಹಿಡಿದ ಹುಡುಗರಿಗೆಲ್ಲ ತಾವೂ ಇಂಥ ರಾಕಬಿಲಿಯ ಒಂದು ತಟ್ಟೆ ಮಾಡಬೇಕೆಂಬ ಆಸೆ ಹುಟ್ಟಿದುದು ಸಹಜವೇ. ದೊಡ್ಡ ಕಂಪನಿಗಳವರು ಕೆಲವರನ್ನು ಆರಿಸಿಕೊಂಡರು. ಉಳಿದವರಿಗೆ ಸಣ್ಣಪುಟ್ಟ ಕಂಪನಿಗಳೇ ಗತಿ. ಟೆಕ್ಸಾಸಿನಲ್ಲಿ ಹುಟ್ಟಿದ ಸ್ಟಾರ್‌ಡೇ ಎಂಬ ಕಂಪನಿಯವರು ಹಣ ಕೊಟ್ಟವರ ಹಾಡನ್ನು ಕೆಲವು ನೂರು ತಟ್ಟೆಗಳಾಗಿ ಒತ್ತಿಸಿಕೊಡುವ ಏರ್ಪಾಡನ್ನೇ ಮಾಡಿದ್ದರು. ಗಾಯಕನು ಆ ಕಟ್ಟನ್ನು ಮನೆಗೊಯ್ದು, ನೆಂಟರಿಗಿಷ್ಟು, ಊರ ರೇಡಿಯೋದವರಿಗಿಷ್ಟು ಕೊಟ್ಟು, ಉಳಿದುದನ್ನು ತಾನು ಹಾಡಿದೆಡೆಯಲ್ಲಿ ಮಾರುವುದು; ಅಲ್ಲಿಗೆ ಅವನ ಕೀರ್ತಿಯ ಯಾತ್ರೆ ಮುಗಿದಂತೆಯೇ. ಚಾರ್ಲಿ ಫೆದರ್ಸನಂಥ ಪ್ರತಿಭಾವಂತನು 1956ರಲ್ಲಿ ಮೆಂಫಿಸಿನ ಮೀಟಿಯರ್ ಎಂಬ ಕಂಪನಿಗೆ ಹಾಡಿದ ‘ಟಂಗ್ ಟೈಡ್ ಜಿಲ್’ ತಟ್ಟೆಯನ್ನೂ ಹೊರಗಿನ ಜಗತ್ತು ಕೇಳಲಿಲ್ಲ. ಆ ದಶಕ ಮುಗಿಯುವ ವೇಳೆಗೆ ರಾಕಬಿಲಿಯ ಅಬ್ಬರ ತಗ್ಗಿ, ಹಾಡಿದವರು ಬೇರೆ ಬೇರೆ ಕಸುಬುಗಳನ್ನು ಹಿಡಿದರು.

ಸಂಗ್ರಹದ ನೀತಿ ವ್ಯಾಪಾರದ ನೀತಿಗೆ ಸಂಪೂರ್ಣ ವಿರುದ್ಧವಾದುದೆಂಬುದು ಇಲ್ಲಿಯೇ ತಿಳಿಯುತ್ತದೆ. ಲಕ್ಷಗಟ್ಟಲೆ ಮಾರಿದ ಪರ್ಕಿನ್ಸನ ತಟ್ಟೆ ಇಂದಿಗೂ ಸುಲಭವಾಗಿ ಸಿಕ್ಕುವ ವಸ್ತು. ಯಾರೂ ಕೊಳ್ಳದೆ ಬಿಟ್ಟ ಫೆದರ್ಸನ ತಟ್ಟೆಗೆ ಎಷ್ಟು ಬೆಲೆ ಕೊಟ್ಟರೂ ಸಿಕ್ಕುವುದು ದುರ್ಲಭ. ಜನರ ಉಪೇಕ್ಷೆಯೇ ಬೆಲೆಯನ್ನು ಏರಿಸಿದೆ. ಇದನ್ನು ಹುಚ್ಚೆಂದು ನಗುವವರಿದ್ದಾರೆ. ನನಗೇನೋ ಹಾಗೆ ತೋರುವುದಿಲ್ಲ. ಗೆದ್ದವರ ಚರಿತ್ರೆಯನ್ನು ಕಂಪನಿಗಳ ಲೆಕ್ಕದ ಪುಸ್ತಕಗಳು ಬರೆದಿಟ್ಟಿವೆ. ಸೋತವರ ಚರಿತ್ರೆಗೆ ತಟ್ಟೆಯ ಹೊರತು ಬೇರೆ ದಾಖಲೆಯೇ ಇಲ್ಲ. ಶಾಸನಗಳ ಶೋಧಕರಾದ ರೈಸ್ ಸಾಹೇಬರು ಮೈಸೂರು ಸೀಮೆಯ ಹಳ್ಳಿಹಳ್ಳಿಗಳಲ್ಲಿ ನೆಟ್ಟ ಕಲ್ಲುಗಳನ್ನು ಓದಿಸಿದಂತೆಯೇ ಈ ಸಂಗ್ರಾಹಕನೂ ತಟ್ಟೆಯನ್ನು ಓದುತ್ತಾನೆ. ಹಾಡು ಮುಗಿದ ಮೇಲೆ ನಡುವಣ ಚೀಟಿಯವರೆಗೆ ಉಳಿಯುವ ಬರಿಯ ಪಟ್ಟಿಯಲ್ಲಿ ಮುಳ್ಳಿನಿಂದ ಗೀಚಿದ ಅಂಕಿ ಅಕ್ಷರಗಳುಂಟು. ಅಲ್ಲಿ ಒಂದು ತ್ರಿಕೋಣವೂ ಅದರೊಡನೆ ಸಂಖ್ಯೆಯೂ ಇದ್ದರೆ ಅದು ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯಲ್ಲಿ ಒತ್ತಿದುದು. ಸನ್ನಿನ ಹಳದಿ ಚೀಟಿಯ ಮೇಲೆ, ಕೂಗುವ ಹುಂಜ ಮತ್ತು ಸೂರ್ಯಕಿರಣಗಳ ಚಿತ್ರದ ನಡುವೆ, ದುಂಡಗಿನ ಮೂರು ಒತ್ತುಗುರುತುಗಳು ಕಂಡರೆ ಅದು ಮೆಂಫಿಸಿನ ಪ್ಲಾಸ್ಟಿಕ್ ಪ್ರಾಡಕ್ಟ್ಸ್ ಕಾರ್ಖಾನೆಯದು. ಚೀಟಿ ಬಿಳಿಯದಾಗಿದ್ದರೆ ಅದು ಬಹುಮಟ್ಟಿಗೆ ರೇಡಿಯೋ ನಿಲಯಗಳಿಗೆ ಬಿಟ್ಟಿಯಾಗಿ ಕಳುಹಿದ ಪ್ರತಿ.

ಹೀಗೆ ಓದುವ ವಿದ್ಯೆ ಬೆಳೆದುದು ಅಮೆರಿಕಕ್ಕಿಂತ ಹೆಚ್ಚಾಗಿ ಯೂರೋಪಿನಲ್ಲಿ. ಬ್ರಿಟನ್ನಿನಲ್ಲಿ ಲಂಡನ್ ಅಮೆರಿಕನ್ ಎಂಬ ಹೆಸರಿನಲ್ಲಿ ಕೆಲವು ಹಾಡುಗಳು ಮಾತ್ರ ಹೊರಬಂದಿದ್ದುವು. ಸಣ್ಣ ಕಂಪನಿಗಳ ಮಿಕ್ಕ ಹಾಡುಗಳು ಅಲ್ಲಿನವರಿಗೆ ಹೆಸರಾಗಿ ಮಾತ್ರ ಗೊತ್ತು. ದೂರದ ವಸ್ತುವಿನ ಮೇಲಣ ಮೋಹ ಹತ್ತಿರದವರಿಗೆ ಬಾರದು. 1970ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲಿ, ಜರ್ಮನಿಯ ಬೇರ್ ಫ್ಯಾಮಿಲಿ ಮೊದಲಾದ ಕಂಪನಿಗಳು ಸಂಗ್ರಾಹಕರ ಈ ಹಸಿವನ್ನು ಕಂಡು ಹಳೆಯ ಧ್ವನಿಮುದ್ರಣಗಳನ್ನು ಹೊಸದಾಗಿ ಒತ್ತಿಸತೊಡಗಿದುವು. ಹ್ಯಾಂಕ್ ಮೈಝೆಲ್ ಎಂಬವನು 1958ರಲ್ಲಿ ಷಿಕಾಗೋದ ಈಕೋ ಎಂಬ ಸಣ್ಣ ಕಂಪನಿಗೆ ಹಾಡಿದ ‘ಜಂಗಲ್ ರಾಕ್’ ಅಂದು ಯಾರ ಕಿವಿಗೂ ಬಿದ್ದಿರಲಿಲ್ಲ. ಚಾರ್ಲಿಯವರು ಅದನ್ನು 1976ರಲ್ಲಿ ಹೊರಡಿಸಿದೊಡನೆ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಅದೇ ವರ್ಷದ ಮೇ 15ರಂದು, ಈ ಹಳೆಯ ಸಂಗೀತದ ಅಭಿಮಾನಿಗಳಾದ, ಉದ್ದ ಕೋಟು ದಪ್ಪ ಅಟ್ಟೆಯ ಬೂಟುಗಳ ಟೆಡ್ಡಿ ಬಾಯ್‌ಗಳು ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ಹೊರಟು, ತಮ್ಮ ಸಂಗೀತಕ್ಕೆ ರೇಡಿಯೋದಲ್ಲಿ ಹೊತ್ತು ಕೊಡಬೇಕೆಂದು ಬಿಬಿಸಿಯವರನ್ನು ಕೇಳಿದರು, ಅವರು ಕೊಟ್ಟರು ಕೂಡ. ಬಾನುಲಿಯ ಮುಂದೆ ಕುಳಿತು ಮಾತನಾಡುವವನಿಗೆ ಇಂಥ ಶ್ರೋತೃಗಳ ಸುದ್ದಿ ಎಷ್ಟು ಪ್ರಿಯವೆಂಬುದನ್ನು ನಾನು ಹೇಳಬೇಕಾಗಿಲ್ಲ.

ಬೇಡಿಕೆ ಬಂದೆಡೆ ಮೋಸವೂ ಬರುವುದು ಲೋಕರೂಢಿ. ಎಲ್ವಿಸನ ಸನ್ ತಟ್ಟೆಗಳ ನಕಲುಗಳು ಹೇರಳವಾಗಿ ಹೊರಟುವು. ಅವನ ಕೆಂಪು ಹಸಿರು ಬಣ್ಣದ ಸನ್ ತಟ್ಟೆಯನ್ನು ಯಾರಾದರೂ ಮೂಲಪ್ರತಿಯೆಂದು ತೋರಿದರೆ ನಂಬಬೇಕಾಗಿಲ್ಲ, ಫಿಲಿಪ್ಸ್ ಹೊರಡಿಸಿದ ಎಲ್ವಿಸನ ತಟ್ಟೆಗಳೆಲ್ಲ ಕಪ್ಪು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಗೋಲ್ಡ್‌ಮೈನ್’ ಪತ್ರಿಕೆ ತಟ್ಟೆಗಳ ಸ್ಥಿತಿಗತಿಗೆ ದರ್ಜೆಗಳನ್ನು ರೂಢಿಗೆ ತಂದಿತು. ಇದರಲ್ಲಿ ‘ಗುಡ್’ ಎಂಬ ದರ್ಜೆಯ ತಟ್ಟೆ ಹಾಡಿಗಿಂತ ಹೆಚ್ಚಾಗಿ ಕರಕರ ಸದ್ದನ್ನೇ ಕೇಳಿಸುವಂಥದು. ಹೊಸದಾಗಿ ಕೊಳ್ಳಹೊರಟವರು ಈ ಮರ್ಯಾದೆಯ ಮಾತಿಗೆ ಮರುಳಾಗದಿರುವುದು ಮೇಲು. ಜೂಕ್‌ಬಾಕ್ಸಿನಿಂದ ಬಂದ ತಟ್ಟೆಗಳ ಗತಿ ಸಾಮಾನ್ಯವಾಗಿ ಹೀಗೆಯೇ. ಸೀಬರ್ಗ್ ಕಂಪನಿಯವರು 1950ರಲ್ಲಿ ಮಾಡಿದ ಯಂತ್ರ ಐವತ್ತು ತಟ್ಟೆಗಳ ಎರಡು ಮಗ್ಗುಲನ್ನೂ ನುಡಿಸಬಲ್ಲದಾಗಿದ್ದು, ಹೋಟೆಲುಗಳಲ್ಲಿ ಕಾಸು ಹಾಕಿದವರೆಲ್ಲರಿಗೂ ಹಗಲಿರುಳೆನ್ನದೆ ಹಾಡಿ, ತಟ್ಟೆಯ ಗೀರುಗಳನ್ನೆಲ್ಲ ಸವೆಸಿಬಿಡುತ್ತಿದ್ದಿತು.

ಹಾಡಿದವರಿಗೆ ಇದರಿಂದ ಬಂದುದೇನೆಂದು ಕೇಳುವಿರಾದರೆ, ಹಳೆಯ ತಟ್ಟೆ ಕೈಯಿಂದ ಕೈಗೆ ಮಾರಾಟವಾದಾಗ ಗಾಯಕನಿಗೆ ಕಾಸೂ ಸಲ್ಲುವುದಿಲ್ಲ. ಈ ವಿಷಯದಲ್ಲಿ ಸಂಗ್ರಾಹಕರನ್ನು ದೂರುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ತಟ್ಟೆಯನ್ನು ಕೊಂಡವನು ಹೆಸರಿನ ಬೆನ್ನು ಹತ್ತಿ ಮನುಷ್ಯನನ್ನೂ ಹುಡುಕಿದನೆಂಬುದನ್ನು ಮರೆಯಲಾಗದು. ಲಾಸ್ ಏಂಜಲೀಸಿನಲ್ಲಿ ಶಾಲಾ ಉಪಾಧ್ಯಾಯನಾಗಿದ್ದ ರೇ ಕ್ಯಾಂಪಿಯನ್ನು ರಾನಿ ವೈಸರ್ ಎಂಬ ಅಭಿಮಾನಿಯು ತನ್ನ ರೋಲಿನ್ ರಾಕ್ ಎಂಬ ಸಣ್ಣ ಕಂಪನಿಗಾಗಿ ಮತ್ತೆ ಹಾಡಿಸಲು, 1977ರಲ್ಲಿ ಅವನು ಯೂರೋಪಿನ ಪ್ರವಾಸಕ್ಕೆ ಹೋದನು. ಸ್ಟಾರ್‌ಡೇ ಕಂಪನಿಗೆ 1955ರಲ್ಲಿ ‘ರಾಕಿನ್ ಡ್ಯಾಡಿ’ಯನ್ನು ಹಾಡಿ, ಅದಾದ ಕೆಲವೇ ತಟ್ಟೆಗಳ ತರುವಾಯ ಸಂಗೀತದಿಂದ ಮರೆಯಾಗಿದ್ದ ಹೂಸ್ಟನ್ನಿನ ಸಾನಿ ಫಿಷರನ ಹಾಡುಗಳನ್ನು ಲಂಡನ್ನಿನ ಏಸ್ ಕಂಪನಿಯವರು ಮತ್ತೆ ಹೊರಡಿಸಲು, 1980ರ ಸುಮಾರಿಗೆ ಅವನೂ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದು, ತಾನು ಹಾಡಿದ ಕಾಲದಲ್ಲಿ ಹುಟ್ಟಿಯೇ ಇರದಿದ್ದ ಹುಡುಗರ ಮುಂದೆ ಅವೇ ಹಾಡುಗಳನ್ನು ಹಾಡಿದನು.