ಪರಂಗಿಮಲೈ ನಡಿಗೆ: ಅಳತೆ ಸರಿ ಅಂತ ಯಾರು ಹೇಳಬೇಕು?

ನಾನು ಚೆನ್ನೈಗೆ ಬಂದು ಒಂಬತ್ತು ವರ್ಷ ಆಯ್ತು. ಆಫೀಸು ಶೋಲಿಂಗನಲ್ಲೂರು, ಮನೆ ವೇಳಚೇರಿ. ಇವತ್ತು ಒಂದು ಭಾನುವಾರದ ನಡಿಗೆ ಬಗ್ಗೆ ಹೇಳ್ತೀನಿ. ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆನೂ.

ಜಿಯೋಕ್ಯಾಶಿಂಗ್ ಗೊತ್ತಿಲ್ಲದವರಿಗೆ: ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಮಾತ್ರ ಕೊಡ್ತಾರೆ. ಉಳಿದವರು ಜಿಪಿಎಸ್ ಹಿಡ್ಕೊಂಡು ಹುಡುಕಬೇಕು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ಸೇರಿಸ್ತಿದ್ದ ದೋಷವನ್ನ ನಿಲ್ಲಿಸ್ತು. ಮರುದಿನವೇ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಮೊದಲ ಡಬ್ಬಿ ಇಟ್ಟರು. ಆಟ ಶುರುವಾಗಿದ್ದು ಹಾಗೆ.

ನಮ್ಮ ಗುಂಪಿನ ಶಿವಮೊಗ್ಗದ ಗೆಳೆಯ ಒಂದು ಜಾಗ ಕಳಿಸಿದ. ಡಬ್ಬಿ ಇಲ್ಲ, ಯಾಕಂದ್ರೆ ಅದು ಚರ್ಚ್ ಇರುವ ಬೆಟ್ಟ. ಅಲ್ಲಿರೋ ಒಂದು ಪ್ರತಿಮೆ ಹುಡುಕಿ ಫೋಟೋ ಹಾಕಬೇಕು, ಅಷ್ಟೇ. ನೋಡಿದ್ರೆ ಪರಂಗಿಮಲೈ, ಅಂದ್ರೆ ಸೇಂಟ್ ಥಾಮಸ್ ಮೌಂಟ್. ದಿನಾ ದೂರದಿಂದ ನೋಡ್ತಿದ್ದ ಗುಡ್ಡ! ಮೆಟ್ಟಿಲು ಹತ್ತೋ ಹೊತ್ತಿಗೆ ಬೆವರು ಸುರೀತಿತ್ತು. "ಇದಕ್ಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ ಮಾರಾಯ?" ಅಂದೆ. "ಮೊದಲು ಆ ಮುಖ ನೋಡು" ಅಂದ.

ಆ ಮುಖ ವಿಲಿಯಂ ಲ್ಯಾಂಬ್ಟನ್‌ದು. 1802ರ ಏಪ್ರಿಲ್ 10ರಂದು ಈ ಬೆಟ್ಟದ ಬುಡದ ಬಯಲಲ್ಲಿ ಆತ ಒಂದು ನೇರ ಗೆರೆ ಅಳೆಯೋಕೆ ಶುರು ಮಾಡಿದ. ಇನ್ನೊಂದು ತುದಿ ದಕ್ಷಿಣದ ಪೆರುಂಬಾಕ್ಕಂ ಗುಡ್ಡದ ಕಡೆ. ಒಟ್ಟು ಏಳೂವರೆ ಮೈಲಿ, 57 ದಿನ. ನಮ್ಮಲ್ಲಿ ಎಷ್ಟೋ ಜನ ಕ್ಯಾಬಲ್ಲಿ ನಿದ್ದೆ ಮಾಡ್ಕೊಂಡು ಓಡಾಡೋ ಜಾಗ ಅದು.

ಸಾಧನ 100 ಅಡಿಯ ಉಕ್ಕಿನ ಸರಪಳಿ. ಅದನ್ನ ನೆಲದ ಮೇಲೆ ಎಳೀತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ತೊಟ್ಟಿ ಇಟ್ಟು, ಅದರೊಳಗೆ ಹಾಸಿ, ಬಿಸಿಲು ಬೀಳದ ಹಾಗೆ ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಡ್ತಿದ್ರು. ಹೀಗೆ 400 ಸಲ. ಯಾಕೆ ಇಷ್ಟು ರಗಳೆ? ಉಕ್ಕು 10 ಡಿಗ್ರಿ ಸೆಲ್ಸಿಯಸ್ ಕಾದರೆ ಆ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತೆ. 400 ಸಲಕ್ಕೆ ಲೆಕ್ಕ ಹಾಕಿ, ಸುಮಾರು ಒಂದೂವರೆ ಮೀಟರ್ ತಪ್ಪು. ಚೆನ್ನೈ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಾ?

ಈ ಒಂದು ಗೆರೆ ಮೇಲೆ ಮುಂದಿನದೆಲ್ಲ ನಿಂತಿದೆ. ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ರೆ ಉಳಿದ ಬದಿ ಲೆಕ್ಕದಲ್ಲೇ ಸಿಗುತ್ತೆ. ಪಿಯುಸಿಯಲ್ಲಿ ಓದಿದ್ದೇ. ಆ ಬದಿ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಬೆಂಗಳೂರಿನ ತನಕ ಬಂದ್ರು.

ಈಗ ಮುಖ್ಯ ವಿಷಯ. ಬೆಂಗಳೂರಿನ ಹತ್ತಿರ ಒಂದು ಗೆರೆಯ ಉದ್ದ ಇಷ್ಟು ಅಂತ ತ್ರಿಕೋನಗಳ ಲೆಕ್ಕ ಹೇಳ್ತಿತ್ತು. ಅದನ್ನ ನಂಬಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. 1804ರಲ್ಲಿ ಅಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಆ ಗೆರೆಯನ್ನ ಮತ್ತೆ ಸರಪಳಿ ಹಾಸಿಯೇ ಅಳೆದ್ರು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿನೊಳಗೆ.

ನಾಲ್ಕು ಇಂಚು ದೊಡ್ಡ ಸಾಧನೆ, ನಿಜ. ಆದ್ರೆ ನನ್ನನ್ನ ಕಾಡಿದ್ದು ಅದಲ್ಲ. ತನ್ನ ಲೆಕ್ಕಕ್ಕೆ ತನ್ನ ಲೆಕ್ಕವೇ ಸಾಕ್ಷಿ ಆಗಬಾರದು ಅಂತ ತಿಂಗಳುಗಟ್ಟಲೆ ಶ್ರಮ ಹಾಕಿದ್ರಲ್ಲ, ಅದು.

ಯಾಕಂದ್ರೆ ಅದಕ್ಕೆ ಕೆಲವೇ ತಿಂಗಳ ಹಿಂದೆ ನಾನು ಉಲ್ಟಾ ಮಾಡಿದ್ದೆ. ಬಡ್ಡಿ ಲೆಕ್ಕ ಹಾಕೋ ಒಂದು ಮಾಡ್ಯೂಲ್ ಬರೆದಿದ್ದೆ. ರಿಲೀಸ್ ಹತ್ತಿರ ಬಂದಿತ್ತು. ಟೆಸ್ಟ್‌ಗೆ ಬೇಕಾದ ಸರಿ ಉತ್ತರಗಳನ್ನ ಕೈಯಲ್ಲಿ ಲೆಕ್ಕ ಹಾಕದೆ, ನನ್ನ ಪ್ರೋಗ್ರಾಮ್ ಕೊಟ್ಟ ಉತ್ತರಗಳನ್ನೇ ಕಾಪಿ ಮಾಡಿ ಹಾಕಿದೆ. ಎಲ್ಲಾ ಹಸಿರು! ಹಸಿರು ಬರದೆ ಇನ್ನೇನು ಬರುತ್ತೆ? ಫೆಬ್ರವರಿ 29ರ ದಿನವನ್ನ ಲೆಕ್ಕದಿಂದ ಬಿಟ್ಟಿದ್ದೆ ಅಂತ ಕಂಡುಹಿಡಿದಿದ್ದು ನಮ್ಮ ಗ್ರಾಹಕರ ಕಡೆಯ ಒಬ್ಬ ಹಿರಿಯ ಅಕೌಂಟೆಂಟ್, ಕ್ಯಾಲ್ಕುಲೇಟರ್ ಇಟ್ಕೊಂಡು. ಅವರು ಬೈಯಲಿಲ್ಲ. "ನೀವು ಒಂದನ್ನಾದ್ರೂ ಕೈಯಲ್ಲಿ ಹಾಕಿ ನೋಡಿದ್ರಾ?" ಅಂತ ಕೇಳಿದ್ರು ಅಷ್ಟೇ. ಉತ್ತರ ಇರಲಿಲ್ಲ.

ಈಗ ನಮ್ಮ ಟೀಮ್‌ನಲ್ಲಿ ಒಂದು ಪದ್ಧತಿ ಮಾಡಿದೀವಿ. ಕೋಡ್ ಬರೆದವರು ಸರಿ ಉತ್ತರ ಬರೆಯೋ ಹಾಗಿಲ್ಲ. ಬೇರೆಯವರು, ಬೇರೆ ದಾರಿಯಲ್ಲಿ, ಕೆಲವನ್ನಾದ್ರೂ ಲೆಕ್ಕ ಹಾಕಬೇಕು. ನಾವು ಅದಕ್ಕೆ ಬೆಂಗಳೂರು ಗೆರೆ ಅಂತಲೇ ಕರೀತೀವಿ. ಈಗ ಎಐ ಹತ್ರ ಕೋಡ್ ಬರೆಸಿ, ಅದರ ಹತ್ರವೇ ಟೆಸ್ಟನ್ನೂ ಬರೆಸೋ ಕಾಲ. ಆ ಗೆರೆ ಇನ್ನೂ ಹೆಚ್ಚು ಬೇಕು.

ಕೊನೆಗೊಂದು ಮಾತು. 1868ರಲ್ಲಿ ಬೆಂಗಳೂರಲ್ಲಿ ಮತ್ತೊಂದು ಗೆರೆ ಅಳೆದ್ರು. ಅದರ ಒಂದು ತುದಿಯ ಕಟ್ಟಡ ಮೇಖ್ರಿ ಸರ್ಕಲ್ ಹತ್ತಿರ ಇದೆ. ಇನ್ನೊಂದು ತುದಿ ಕಣ್ಣೂರು ಗ್ರಾಮದಲ್ಲಿತ್ತು, 2024ರಲ್ಲಿ ನೆಲಸಮ ಆಯ್ತು. ನಾನು ಆ ದಾರೀಲಿ ಎಷ್ಟು ಸಲ ಏರ್‌ಪೋರ್ಟಿಗೆ ಹೋಗಿದೀನೋ, ಒಮ್ಮೆನೂ ಇಳಿದು ನೋಡಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಮೇಖ್ರಿ ಸರ್ಕಲ್‌ನಲ್ಲಿ ಒಂದು ಹತ್ತು ನಿಮಿಷ ಇಳೀರಿ. ಚೆನ್ನೈಯಲ್ಲಿದ್ರೆ ಪರಂಗಿಮಲೈ ಹತ್ತಿ. ಬೆಳಿಗ್ಗೆ ಬೇಗ ಹೋಗಿ, ನೀರು ತಗೊಂಡು ಹೋಗಿ.